ನಾಲ್ಕು ಸಭೆಗಳ ಒಂದು ಕಾನೂನು

1274ರಲ್ಲಿ ನಾರ್ವೆ ದೇಶಕ್ಕೆಲ್ಲ ಒಂದೇ ಕಾನೂನು ಬಂತು ಎಂಬುದು ಯುರೋಪಿನ ಚರಿತ್ರೆ ಬರೆದವರೆಲ್ಲ ಹೇಳುವ ಮಾತು. ಮಾತು ಸುಳ್ಳಲ್ಲ. ಆದರೆ ಆ ಕಾನೂನಿನ ಹಳೆಯ ಕೈಬರಹದ ಪ್ರತಿಗಳನ್ನು ಬಿಚ್ಚಿದವರಿಗೆ ಎದುರಾಗುವುದು ಸ್ವಲ್ಪ ಬೇರೆಯೇ ಸಂಗತಿ. ಮಧ್ಯಯುಗದಿಂದ ಉಳಿದುಬಂದಿರುವ ಪೂರ್ಣ ಪ್ರತಿಗಳು ಸುಮಾರು 40. ಚರ್ಮದ ಹಾಳೆಗಳ ಮೇಲೆ ಬರೆದ ಈ ಗ್ರಂಥಗಳಲ್ಲಿ ಕೆಲವು ಗುಲಾಟಿಂಗ್ ಸಭೆಯ ಕಾನೂನೆಂದು ಹೇಳಿಕೊಳ್ಳುತ್ತವೆ, ಕೆಲವು ಫ್ರೋಸ್ಟಾಟಿಂಗ್ ಸಭೆಯದೆಂದು. ಹೀಗೆ ಒಂದೊಂದು ಪ್ರತಿಯೂ ಒಂದೊಂದು ಪ್ರಾಂತದ ಸಭೆಯ ಹೆಸರು ಹೊತ್ತಿದೆ. ಒಳಗಿನ ಕಾನೂನು ಮಾತ್ರ ಒಂದೇ. ಸಭೆಯ ಹೆಸರು, ಅದು ಸೇರುವ ಜಾಗ, ಯಾವ ಸೀಮೆಯಿಂದ ಎಷ್ಟು ಜನ ಬರಬೇಕು ಎಂಬ ವಿವರ, ಇಷ್ಟು ಬದಲಾಗುತ್ತದೆ. ಇಡೀ ನಾಡಿನ ಕಾನೂನು ಎಂದು ನಾವು ಇಂದು ಕರೆಯುವ ಈ ಗ್ರಂಥವನ್ನು ಅದರ ದೊರೆ ಪ್ರಜೆಗಳ ಕೈಗೆ ಕೊಟ್ಟದ್ದು ನಾಲ್ಕು ಸಭೆಗಳಿಗೆ ನಾಲ್ಕು ಪುಸ್ತಕವಾಗಿ, ನಾಲ್ಕರಲ್ಲೂ ಒಂದೇ ಮಾತನ್ನಿಟ್ಟು.

ದೊರೆ ಆರನೆಯ ಮ್ಯಾಗ್ನಸ್ ಮಾಡಿದ ಸುಧಾರಣೆ ಏಕೆ ಗಟ್ಟಿಯಾಗಿ ನಿಂತಿತು ಎಂಬ ಪ್ರಶ್ನೆಗೆ ಉತ್ತರ ಈ ಸಂಗತಿಯಲ್ಲೇ ಇದೆ ಎಂಬುದು ನನ್ನ ವಾದ. ಇಡೀ ದೇಶಕ್ಕೆ ಒಂದು ಕಾನೂನು ಬೇಕೆಂದು ಬಯಸಿದ ಅರಸರು ಹದಿಮೂರನೆಯ ಶತಮಾನದ ಯುರೋಪಿನಲ್ಲಿ ಹಲವರಿದ್ದರು. ಅವರಲ್ಲಿ ಮ್ಯಾಗ್ನಸ್‌ಗಿಂತ ದೊಡ್ಡ ವಿದ್ವಾಂಸರಿದ್ದರು, ಅವನಿಗಿಂತ ಬಲಶಾಲಿಗಳಿದ್ದರು, ಶ್ರೀಮಂತರಂತೂ ಎಷ್ಟೋ ಮಂದಿ. ಆದರೂ ಬರೆದ ಕಾನೂನು ಹಳ್ಳಿಯ ಒಕ್ಕಲಿಗನ ಬೇಲಿ ಜಗಳದವರೆಗೆ ಇಳಿದು, ಮುನ್ನೂರು ಮೂವತ್ತು ವರ್ಷ ಬಾಳಿದ್ದು ಬಡ ನಾಡಾದ ನಾರ್ವೆಯಲ್ಲಿ. ಅದಕ್ಕೆ ಕಾರಣ ಮ್ಯಾಗ್ನಸ್‌ನ ಪ್ರತಿಭೆ ಎನ್ನುವುದಕ್ಕಿಂತ ಅವನ ತಾಳ್ಮೆ ಮತ್ತು ಕ್ರಮ ಎನ್ನುವುದು ಸರಿ. ಜನ ತಮ್ಮದೆಂದು ಒಪ್ಪಿದ್ದ ಸಂಸ್ಥೆಗಳನ್ನು ಅವನು ಮುಟ್ಟಲಿಲ್ಲ. ಅವುಗಳ ಒಳಗಿನ ಪಠ್ಯವನ್ನು ಒಂದೊಂದಾಗಿ ತಿದ್ದುತ್ತ, ಕೊನೆಗೆ ನಾಲ್ಕನ್ನೂ ಒಂದಾಗಿಸಿದ. ಈ ಕ್ರಮ ಬಿಟ್ಟು ಅವನೇ ಒಂದು ಕಡೆ ಆತುರ ಮಾಡಿದಾಗ ಸೋತ ಎಂಬುದಕ್ಕೂ ಪುರಾವೆ ಇದೆ.

ಮೊದಲು ಆ ಸಭೆಗಳ ಮಾತು. ನಾರ್ವೆಯ ಜನ ಟಿಂಗ್ ಎಂದು ಕರೆಯುತ್ತಿದ್ದ ಸಭೆ ರಾಜರಿಗಿಂತ ಹಳೆಯದು. ಪಶ್ಚಿಮ ಕರಾವಳಿಯವರದು ಗುಲಾಟಿಂಗ್, ಸೇರುತ್ತಿದ್ದುದು ಗುಲೆನ್ ಎಂಬಲ್ಲಿ. ನಡುನಾಡಿನವರದು ಟ್ರೋಂಡ್‌ಹೈಮ್ ಕೊಲ್ಲಿಯ ಫ್ರೋಸ್ಟಾ ಪರ್ಯಾಯದ್ವೀಪದಲ್ಲಿ ಸೇರುವ ಫ್ರೋಸ್ಟಾಟಿಂಗ್. ಪೂರ್ವದ ಒಳನಾಡಿಗೆ ಐದ್ಸ್‌ವೋಲ್‌ನ ಐದ್ಸಿವಾಟಿಂಗ್. ಆಗ್ನೇಯದ ಕರಾವಳಿಗೆ ಬೋರ್ಗಾರ್ಟಿಂಗ್. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಪ್ರತಿ ಸೀಮೆಯಿಂದ ಹೆಸರಿಸಿದ ರೈತರು ದೋಣಿಯಲ್ಲೋ ಕಾಲುನಡಿಗೆಯಲ್ಲೋ ಅಲ್ಲಿಗೆ ಬರಬೇಕು. ಅವರ ದಾರಿಖರ್ಚಿಗೆ ಊರಲ್ಲಿ ಉಳಿದವರು ಹಣ ಕೂಡಿಸಬೇಕು. ವ್ಯಾಜ್ಯ ತೀರುವುದು ಅಲ್ಲೇ, ಯಾವುದು ಕಾನೂನು ಎಂದು ಸಾರುವುದೂ ಅಲ್ಲೇ. ಶತಮಾನಗಳ ಕಾಲ ಈ ಕಾನೂನು ಬಾಯಿಪಾಠದಲ್ಲಿತ್ತು. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಬರಹಕ್ಕಿಳಿಯಿತು. ನಾಲ್ಕೂ ಒಂದೇ ಬೇರಿನವು ಎಂಬುದು ಓದಿದರೆ ಗೊತ್ತಾಗುತ್ತದೆ. ಆದರೆ ದಂಡದ ಮೊತ್ತ ಬೇರೆ, ಆಸ್ತಿ ಹಂಚಿಕೆಯ ಸಾಲು ಬೇರೆ, ಸಾಕ್ಷಿಯ ನಿಯಮ ಬೇರೆ. ಬೆಟ್ಟದ ಆಚೆಗೆ ಹೆಣ್ಣು ಕೊಟ್ಟವನಿಗೆ ಈಚೆಯ ನ್ಯಾಯ ಕೆಲಸಕ್ಕೆ ಬಾರದು.

ಈ ಭೇದಗಳು ಅಸಹನೀಯವಾಗಲು ಒಂದು ರಾಜಕೀಯ ಕಾರಣ ಬೇಕಿತ್ತು. 1130ರಿಂದ 1240ರವರೆಗೆ ನಾರ್ವೆ ಒಳಯುದ್ಧದಲ್ಲಿ ಬೆಂದಿತು. ರಾಜನ ಮಕ್ಕಳೆಲ್ಲರಿಗೂ, ಮದುವೆಯ ಹೊರಗೆ ಹುಟ್ಟಿದವರಿಗೂ, ಸಿಂಹಾಸನದ ಹಕ್ಕಿತ್ತು. ಒಂದೊಂದು ಸಭೆಯೂ ತನಗೆ ಬೇಕಾದವನನ್ನು ದೊರೆಯೆಂದು ಕೂಗಬಹುದಿತ್ತು. ಹೀಗಾಗಿ ನಾಲ್ಕು ಕಾನೂನು ಎಂದರೆ ಕಾಲ ಕೂಡಿಬಂದಾಗ ನಾಲ್ಕು ಅರಸರು ಎಂದೇ ಅರ್ಥವಾಗುತ್ತಿತ್ತು. ಈ ಯುದ್ಧಗಳನ್ನು ಮುಗಿಸಿದವನು ಮ್ಯಾಗ್ನಸ್‌ನ ತಂದೆ ನಾಲ್ಕನೆಯ ಹೋಕೋನ್. ಕೊನೆಯಲ್ಲಿ ಅವನಿಗೆ ಎದುರಾಗಿ ನಿಂತು ಸತ್ತವನು ಸ್ವಂತ ಮಾವ ಸ್ಕೂಲೆ. 1260ರಲ್ಲಿ ಹೋಕೋನ್ ಎರಡು ಕೆಲಸ ಮಾಡಿದ. ಪಟ್ಟ ಒಬ್ಬನಿಗೇ, ಮದುವೆಯಲ್ಲಿ ಹುಟ್ಟಿದ ಹಿರಿಯ ಮಗನಿಗೆ ಎಂದು ವಿಧಿಸಿದ. ಇನ್ನೊಂದು, ಕೊಲೆಯ ವಿಷಯದ್ದು. ಒಬ್ಬ ಕೊಂದರೆ ಸತ್ತವನ ಕಡೆಯವರು ಕೊಂದವನನ್ನು ಬಿಟ್ಟು ಅವನ ಕುಲದ ಅತ್ಯುತ್ತಮ ಗಂಡಸನ್ನು, ಏನೂ ಅರಿಯದ ನಿರಪರಾಧಿಯನ್ನು, ಹುಡುಕಿ ಮುಯ್ಯಿ ತೀರಿಸುವ ರೂಢಿಯಿತ್ತು. ಅದನ್ನು ಹೋಕೋನ್ ನಿಷೇಧಿಸಿದ. ಕೊಂದವನ ದಂಡವನ್ನು ದೂರದ ದಾಯಾದಿಗಳೂ ಹಂಚಿಕೊಂಡು ಕಟ್ಟುವ ಪದ್ಧತಿಯನ್ನೂ ತೆಗೆದುಹಾಕಿದ. ಮಗನ ಗ್ರಂಥದ ತಿರುಳು ತಂದೆಯ ಈ ಆಜ್ಞೆಗಳಲ್ಲೇ ಮೊಳೆತಿತ್ತು.

ಮ್ಯಾಗ್ನಸ್ ಹುಟ್ಟಿದ್ದು 1238ರಲ್ಲಿ. ಅಣ್ಣ 1257ರಲ್ಲಿ ತೀರಿಕೊಂಡ ಮೇಲೆ ಯುವರಾಜನ ಜಾಗಕ್ಕೆ ಬಂದು, 1261ರಲ್ಲಿ ಬೆರ್ಗೆನ್‌ನಲ್ಲಿ ಡೆನ್ಮಾರ್ಕಿನ ರಾಜಕುಮಾರಿ ಇಂಗೆಬೋರ್ಗಳನ್ನು ಮದುವೆಯಾಗಿ, ತಂದೆ ಬದುಕಿರುವಾಗಲೇ ಕಿರೀಟ ಧರಿಸಿದ. ಎರಡು ವರ್ಷ ಕಳೆಯುವಷ್ಟರಲ್ಲಿ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದ ತಂದೆ, ಲಾರ್ಗ್ಸ್ ಕದನದ ನಂತರ ಆರ್ಕ್ನಿ ದ್ವೀಪದ ಕರ್ಕ್‌ವಾಲ್‌ನಲ್ಲಿ ಕಣ್ಣುಮುಚ್ಚಿದ. ಯುದ್ಧ ಮುಂದುವರಿಸುವುದೋ ಬಿಡುವುದೋ ಎಂಬುದು ಹೊಸ ದೊರೆಯ ಮೊದಲ ನಿರ್ಧಾರ. ಮ್ಯಾಗ್ನಸ್ ಬಿಟ್ಟ. 1266ರ ಪರ್ತ್ ಒಪ್ಪಂದದಲ್ಲಿ ಹೆಬ್ರಿಡೀಸ್ ಮತ್ತು ಮ್ಯಾನ್ ದ್ವೀಪಗಳನ್ನು ಸ್ಕಾಟ್ಲೆಂಡಿಗೆ ಕೊಟ್ಟು, 4000 ಮಾರ್ಕ್ ಹಣವನ್ನೂ ವರ್ಷಕ್ಕೆ 100 ಮಾರ್ಕ್ ಕಾಣಿಕೆಯನ್ನೂ ಪಡೆದ. ತಂದೆ ಕೊನೆಯುಸಿರಿನ ತನಕ ಹೋರಾಡಿದ ದ್ವೀಪಗಳನ್ನು ಮಗ ಮೂರೇ ವರ್ಷದಲ್ಲಿ ಬಿಟ್ಟುಕೊಟ್ಟದ್ದು ಆಸ್ಥಾನದಲ್ಲಿ ಎಲ್ಲರಿಗೂ ಹಿತವಾಗಿರಲಾರದು. ಆದರೆ ಕಾನೂನಿನ ಕೆಲಸ ಶುರುವಾದದ್ದು ಅದರ ಮರುವರ್ಷವೇ ಎಂಬುದನ್ನು ಗಮನಿಸಬೇಕು. ಯುದ್ಧದ ಹೊರೆ ಇಳಿಸದೆ ಅವನು ಆ ಕೆಲಸಕ್ಕೆ ಕೈಹಾಕಲು ಸಾಧ್ಯವಿರಲಿಲ್ಲ.

1267ರಲ್ಲಿ ಗುಲಾಟಿಂಗ್‌ನ ಕಾನೂನನ್ನು ತಿದ್ದಿಸಿ ಆ ಸಭೆಯಲ್ಲೇ ಒಪ್ಪಿಗೆ ಪಡೆದ. 1268ರಲ್ಲಿ ಪೂರ್ವದ ಎರಡು ಸಭೆಗಳ ಸರದಿ. ಉಳಿದದ್ದು ಫ್ರೋಸ್ಟಾಟಿಂಗ್. ಅದು ನಿದಾರೋಸ್‌ನ, ಅಂದರೆ ಇಂದಿನ ಟ್ರೋಂಡ್‌ಹೈಮ್‌ನ, ಆರ್ಚ್‌ಬಿಷಪ್‌ನ ಅಂಗಳವಿದ್ದಂತೆ. ಹೊಸ ಆರ್ಚ್‌ಬಿಷಪ್ ಯೋನ್ ರೌದೆ ಹಟವಾದಿ, ಚರ್ಚಿನ ಹಕ್ಕಿನ ವಿಷಯದಲ್ಲಿ ಒಂದು ಅಂಗುಲವೂ ಸರಿಯದವನು. ಧರ್ಮಕ್ಕೆ ಸಂಬಂಧಿಸಿದ ಕಾನೂನನ್ನು ತಿದ್ದುವ ಅಧಿಕಾರ ಅರಸನಿಗಿಲ್ಲ, ಅದು ಚರ್ಚಿನ ಸ್ವತ್ತು ಎಂದು ಅವನ ನಿಲುವು. 1269ರ ಸಭೆಯಲ್ಲಿ ರಾಜಿ ಆಯಿತು. ಲೌಕಿಕ ವಿಷಯ ಮತ್ತು ರಾಜಾಧಿಕಾರದ ವಿಷಯಗಳಲ್ಲಿ ತನಗೆ ಸರಿಯೆನಿಸಿದಂತೆ ಕಾನೂನನ್ನು ತಿದ್ದಲು ಸಭೆ ದೊರೆಗೆ ಒಪ್ಪಿಗೆ ಕೊಟ್ಟಿತು. ಧರ್ಮದ ಭಾಗ ಹೊರಗುಳಿಯಿತು. ಇದು ದೊರೆಗೆ ಹಿನ್ನಡೆಯೆಂದು ಹಲವರು ಬರೆದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಈ ಎರಡು ವರ್ಷಗಳ ತಿದ್ದುಪಡಿಗಳನ್ನು ಬದಿಗಿಟ್ಟು, ನಾಲ್ಕನ್ನೂ ಸೇರಿಸಿ ಒಂದೇ ಪಠ್ಯ ಕಟ್ಟಬೇಕೆಂಬ ಯೋಜನೆ ಗಟ್ಟಿಯಾದದ್ದು ಇದಾದ ಮೇಲೆಯೇ. ಹೊಸ ಗ್ರಂಥವನ್ನು ಮೊದಲು ಒಯ್ದದ್ದೂ ತಕರಾರು ಬಂದಿದ್ದ ಅದೇ ಫ್ರೋಸ್ಟಾಟಿಂಗ್‌ಗೆ. 1274ರ ಬೇಸಿಗೆಯಲ್ಲಿ ಆ ಸಭೆ ಒಪ್ಪಿತು. ಗುಲಾಟಿಂಗ್ ಮರುವರ್ಷ ಒಪ್ಪಿತು, ಪೂರ್ವದ ಸಭೆಗಳು ಅದರ ನಂತರ. 1276ರಲ್ಲಿ ಬೆರ್ಗೆನ್‌ಗೆ, ಅಲ್ಲಿಂದ ಮುಂದೆ ಉಳಿದ ಪಟ್ಟಣಗಳಿಗೆ, ಇದೇ ಅಚ್ಚಿನಲ್ಲಿ ಪಟ್ಟಣದ ಕಾನೂನೂ ಬಂತು.

ಗ್ರಂಥದ ಒಳಗೆ ಹೊಸದೇನಿತ್ತು? ಹೆಚ್ಚಿನ ಸಾಲುಗಳು ಹಳೆಯ ಗುಲಾಟಿಂಗ್ ಮತ್ತು ಫ್ರೋಸ್ಟಾಟಿಂಗ್ ಕಾನೂನುಗಳಿಂದಲೇ ಬಂದವು. ಸಭೆ ನಡೆಸುವ ಕ್ರಮ, ನಾಡಿನ ರಕ್ಷಣೆ, ಜೀವ ಮತ್ತು ಮಾನದ ರಕ್ಷಣೆ, ವಾರಸು, ಪಿತ್ರಾರ್ಜಿತ ಜಮೀನು, ಗೇಣಿ, ವ್ಯಾಪಾರ, ಕಳ್ಳತನ ಎಂದು ಭಾಗಗಳಾಗಿ ಹಂಚಿದ್ದಾರೆ. ಸಭೆಗೆ ಬರುವವರು ಕುಡಿಯದೆ, ಹಸಿದ ಹೊಟ್ಟೆಯಲ್ಲಿ ಬರಬೇಕು, ಸಭೆಯ ಜಾಗಕ್ಕೆ ಬಿಯರ್ ತರಕೂಡದು ಎಂಬ ನಿಯಮ ಓದಿದರೆ ಸಾಕು, ಇದನ್ನು ಬರೆದವರಿಗೆ ತಮ್ಮ ಜನ ಎಷ್ಟು ಚೆನ್ನಾಗಿ ಗೊತ್ತಿದ್ದರೆಂದು ತಿಳಿಯುತ್ತದೆ. ಅತಿ ಉದ್ದದ ಭಾಗ ಗೇಣಿಯದು. ಆ ಹೊತ್ತಿಗೆ ನಾರ್ವೆಯ ಬಹುಪಾಲು ಜಮೀನು ಚರ್ಚು, ಅರಮನೆ ಮತ್ತು ದೊಡ್ಡ ಮನೆತನಗಳ ಕೈಸೇರಿ, ಉಳುವವರಲ್ಲಿ ಹೆಚ್ಚಿನವರು ಗೇಣಿದಾರರಾಗಿದ್ದರು. ಮನೆ ರಿಪೇರಿ ಯಾರದು, ಬೇಲಿ ಯಾರು ಕಟ್ಟಬೇಕು, ಕಾಡಿನ ಹಕ್ಕು ಎಲ್ಲಿಯವರೆಗೆ, ದಡಕ್ಕೆ ಬಂದು ಬಿದ್ದ ತಿಮಿಂಗಿಲ ಯಾರಿಗೆ ಸೇರಬೇಕು ಎಂಬುದೆಲ್ಲ ಅಲ್ಲಿದೆ. ಹಳೆಯ ಕಾನೂನುಗಳಲ್ಲಿ ಸಾಲುಸಾಲಾಗಿ ಇದ್ದ ಗುಲಾಮರ ನಿಯಮಗಳು ಇಲ್ಲಿಲ್ಲ, ಏಕೆಂದರೆ ಗುಲಾಮಗಿರಿಯೇ ನಾಡಿನಿಂದ ಮರೆಯಾಗಿತ್ತು.

ಹೊಸತನ ಎದ್ದು ಕಾಣುವುದು ನಾಲ್ಕು ಕಡೆ. ಕೊಲೆಗೆ ಪರಿಹಾರ ಕೊಡಬೇಕಾದವನು ಕೊಂದವನು ಮಾತ್ರ. ಅದರ ಮೊತ್ತವನ್ನು ಹಳೆಯ ಪಟ್ಟಿ ನೋಡಿ ಹೇಳುವುದಿಲ್ಲ, ಹನ್ನೆರಡು ಮಂದಿ ಕೂತು ತೂಗಿ ಹೇಳುತ್ತಾರೆ. ದೊರೆಗೂ ದಂಡ ಸಲ್ಲುತ್ತದೆ, ಒಬ್ಬ ಪ್ರಜೆಯನ್ನು ಕಳೆದುಕೊಂಡವನು ಅವನೂ ಹೌದಾದ್ದರಿಂದ. ಕೊಲೆ ಎರಡು ಮನೆಗಳ ನಡುವಿನ ಲೆಕ್ಕವಾಗಿ ಉಳಿಯದೆ ಇಡೀ ನಾಡಿನ ವಿರುದ್ಧ ನಡೆದ ಅಪರಾಧವಾದದ್ದು ಹೀಗೆ. ಎರಡನೆಯದು ವಾರಸು. ಮಗನಿದ್ದರೆ ಮಗಳಿಗೆ ಏನೂ ಇಲ್ಲ ಎಂಬ ಹಳೆಯ ಸಾಲು ಹೋಗಿ, ಅಣ್ಣತಮ್ಮಂದಿರ ಜೊತೆಯಲ್ಲೇ ಅಕ್ಕತಂಗಿಯರಿಗೂ ಅವರ ಪಾಲಿನ ಅರ್ಧ ಬಂತು. ಮೂರನೆಯದು ಹಸಿದವನ ಕಳ್ಳತನ. ದುಡಿಮೆ ಹುಡುಕಿ ಸಿಗದೆ, ಜೀವ ಉಳಿಸಿಕೊಳ್ಳಲು ಅನ್ನ ಕದ್ದವನಿಗೆ ಶಿಕ್ಷೆಯಿಲ್ಲ ಎಂದು ಈ ಗ್ರಂಥ ನೇರವಾಗಿ ಹೇಳುತ್ತದೆ. ಹದಿಮೂರನೆಯ ಶತಮಾನದ ಒಬ್ಬ ದೊರೆಯ ಕಾನೂನಿನಲ್ಲಿ, ಅದೂ ಕಳ್ಳತನವನ್ನು ಅತ್ಯಂತ ಹೇಯವೆಂದು ಕಾಣುತ್ತಿದ್ದ ಸಮಾಜದಲ್ಲಿ, ಈ ಮಾತು ಬಂದಿರುವುದನ್ನು ಓದುವಾಗ ಆ ಬರಹಗಾರರ ಬಗ್ಗೆ ಗೌರವ ಮೂಡದೆ ಇರದು.

ನಾಲ್ಕನೆಯದು ನ್ಯಾಯಾಧೀಶನಿಗೆ ಕೊಟ್ಟ ದಾರಿ. ಪುಸ್ತಕ ಎಲ್ಲವನ್ನೂ ಹೇಳಲಾರದು, ಹೇಳಿದ್ದೂ ಎಲ್ಲ ಸಲ ಹೊಂದಲಾರದು ಎಂದು ಮ್ಯಾಗ್ನಸ್‌ನ ಪಂಡಿತರಿಗೆ ತಿಳಿದಿತ್ತು. ಅಂಥಲ್ಲಿ ತೀರ್ಪು ಕೊಡುವವರು ದಯೆ, ಸತ್ಯ, ನ್ಯಾಯ, ಶಾಂತಿ ಎಂಬ ನಾಲ್ವರು ಅಕ್ಕತಂಗಿಯರನ್ನು ನೆನೆಯಬೇಕು ಎಂದರು. ದಯೆ ಇದ್ದರೆ ತೀರ್ಪಿನಲ್ಲಿ ಕ್ರೌರ್ಯ, ದ್ವೇಷಗಳಿಗೆ ಎಡೆಯಿಲ್ಲ, ಸತ್ಯವಿದ್ದರೆ ಸುಳ್ಳಿಗಿಲ್ಲ, ನ್ಯಾಯವಿದ್ದರೆ ಪಕ್ಷಪಾತಕ್ಕಿಲ್ಲ, ಶಾಂತಿಯಿದ್ದರೆ ಸಿಟ್ಟಿನಲ್ಲಿ ಕೊಡುವ ಭಾರೀ ಶಿಕ್ಷೆಗಿಲ್ಲ ಎಂಬುದು ಅದರ ಸಾರಾಂಶ. ಈ ನಾಲ್ವರು ಮೂಲದಲ್ಲಿ ಬೈಬಲಿನ 85ನೆಯ ಕೀರ್ತನೆಯವರು. ಮಧ್ಯಯುಗದ ಯುರೋಪಿನ ಧರ್ಮೋಪದೇಶಗಳಲ್ಲಿ ಎಲ್ಲೆಡೆ ಕಾಣಸಿಗುವವರು. ಹೋಕೋನನ ಆಸ್ಥಾನದಲ್ಲಿ ಹುಟ್ಟಿದ ‘ರಾಜದರ್ಪಣ’ ಎಂಬ ಗ್ರಂಥದಲ್ಲೂ ಅವರಿದ್ದಾರೆ. ಅದನ್ನು ರಾಜಕುಮಾರರ ಶಿಕ್ಷಣಕ್ಕೆಂದೇ ಬರೆದರು ಎಂಬುದು ವಿದ್ವಾಂಸರ ಅಭಿಪ್ರಾಯ. ಧರ್ಮೋಪದೇಶದ ಸಂಗತಿಯೊಂದನ್ನು ತೆಗೆದು ರೈತರ ಸಭೆಯ ಕಾನೂನಿನೊಳಗೆ, ಕೆಲಸಕ್ಕೆ ಬರುವ ಒರೆಗಲ್ಲಾಗಿ ಇಟ್ಟದ್ದು ಮಾತ್ರ ಈ ಗ್ರಂಥದ ಸಾಧನೆ.

ಈಗ ನನ್ನ ವಾದಕ್ಕೆ ಎದುರಾಗುವ ಅತಿ ಬಲವಾದ ಆಕ್ಷೇಪವನ್ನು ಎತ್ತಿಕೊಳ್ಳೋಣ. ಸಭೆಗಳ ಒಪ್ಪಿಗೆ ಬರೀ ತೋರಿಕೆ, ನಿಜದಲ್ಲಿ ಇದು ರಾಜಾಧಿಕಾರದ ಜಯ ಎಂದು ಹೇಳುವ ಇತಿಹಾಸಕಾರರಿದ್ದಾರೆ. ಅವರ ಕೈಯಲ್ಲಿ ಸಾಕಷ್ಟು ಆಧಾರವಿದೆ. ಸಭೆಗೆ ಬರುವ ರೈತರನ್ನು ಹೆಸರಿಸುವವರು ದೊರೆಯ ಅಧಿಕಾರಿಗಳು. ಅವರಲ್ಲಿ 36 ಮಂದಿ ಕೂತು ತೀರ್ಮಾನ ಮಾಡುತ್ತಾರೆ, ಸರಿ; ಆದರೆ ಮುಂದೆ ನಿಂತು ನಡೆಸುವ ನ್ಯಾಯಾಧಿಕಾರಿ, ಲಾಗ್ಮನ್, ದೊರೆಯಿಂದ ನೇಮಕವಾದವನು. ಅವನ ತೀರ್ಪು ಹಿಡಿಸದಿದ್ದರೆ ಸಭೆಗೆ ಹೋಗಬಹುದು, ಅಲ್ಲಿಂದ ಕಟ್ಟಕಡೆಗೆ ದೊರೆಯ ಬಳಿಗೆ; ಆ ಸಂದರ್ಭದಲ್ಲಿ ದೊರೆ ಕಾನೂನಿನ ಮೇಲಿನವನು ಎಂಬ ಮಾತನ್ನೇ ಗ್ರಂಥ ಬಳಸುತ್ತದೆ. ಸಾಲದೆಂಬಂತೆ ಪಟ್ಟದ ವಾರಸಿನ ಕ್ರಮವೂ ಇದೇ ಪುಸ್ತಕದೊಳಗೆ ಬಂದು ಕೂತಿದೆ: ಪಟ್ಟಕ್ಕೆ ಯಾರಾದ ಮೇಲೆ ಯಾರು ಎಂಬ ಉದ್ದನೆಯ ಸಾಲು ಬರೆದ ಮೇಲೆ, ದೊರೆಯನ್ನು ಆರಿಸುವ ಹಕ್ಕು ಸಭೆಗಳಿಗೆ ಉಳಿದದ್ದು ಕಡಿಮೆ.

ಇದೆಲ್ಲ ನಿಜ, ನಾನು ಅಲ್ಲಗಳೆಯುವುದಿಲ್ಲ. ಈ ಸುಧಾರಣೆಯಿಂದ ದೊರೆಯ ಕೈ ಬಲವಾಯಿತು. ಆದರೆ ದೊರೆಯ ಕೈ ಬಲವಾಯಿತು ಎನ್ನುವುದೂ ಸಭೆಗಳ ಒಪ್ಪಿಗೆ ಬರೀ ನಾಟಕ ಎನ್ನುವುದೂ ಬೇರೆಬೇರೆ ಮಾತು. ನಾಟಕವೇ ಆಗಿದ್ದರೆ 1274ರಿಂದ ಎರಡು ವರ್ಷ ಒಂದೊಂದು ಸಭೆಗೂ ಬೇರೆಬೇರೆಯಾಗಿ ಪುಸ್ತಕ ಒಯ್ಯುವ ಶ್ರಮ ಬೇಕಿರಲಿಲ್ಲ. ಬೆರ್ಗೆನ್‌ನ ಅರಮನೆಯಿಂದ ಒಂದು ಫರ್ಮಾನು ಹೊರಟಿದ್ದರೆ ಸಾಕಾಗುತ್ತಿತ್ತು. ಜೊತೆಗೆ, ದೊರೆ ಕಾನೂನಿನ ಮೇಲಿನವನು ಎಂದ ಅದೇ ಗ್ರಂಥ ಪಟ್ಟವೇರುವ ದೊರೆಯ ಪ್ರಮಾಣವಚನವನ್ನೂ ಬರೆದಿಟ್ಟಿದೆ: ಕಾನೂನನ್ನು ಕಾಯುತ್ತೇನೆ ಎಂದು ಅವನು ದೇವರ ಮುಂದೆ, ಜನರ ಮುಂದೆ ಹೇಳಬೇಕು. ಒಮ್ಮೆ ಬರೆದು ಸಭೆಗಳ ಕೈಗೆ ಕೊಟ್ಟ ಪಠ್ಯ ದೊರೆಯನ್ನೂ ಹಿಡಿಯುತ್ತದೆ. ಮ್ಯಾಗ್ನಸ್‌ನ ಮಕ್ಕಳಾದ ಎರಿಕ್ ಮತ್ತು ಐದನೆಯ ಹೋಕೋನ್ ಹೊಸ ಆಜ್ಞೆಗಳನ್ನು ಹೊರಡಿಸಿದಾಗಲೆಲ್ಲ ಅವನ್ನು ಈ ಗ್ರಂಥಕ್ಕೆ ತಿದ್ದುಪಡಿಗಳೆಂದೇ ಕರೆಯಬೇಕಾಯಿತು. ನಕಲುಗಾರರು ಅವನ್ನು ಪುಸ್ತಕದ ಕೊನೆಗೆ ಸೇರಿಸಿಕೊಂಡು ಹೋದರು. ಬದಲಿಸುವ ಅಧಿಕಾರವಿದ್ದ ಅರಸರೂ ಇದೇ ಚೌಕಟ್ಟಿನೊಳಗೆ ಮಾತಾಡಬೇಕಾಗಿ ಬಂದದ್ದು ಸಣ್ಣ ಸಂಗತಿಯಲ್ಲ.

ಇನ್ನೂ ದೊಡ್ಡ ಪುರಾವೆ ಸಮುದ್ರದಾಚೆಯ ಐಸ್‌ಲ್ಯಾಂಡಿನಲ್ಲಿದೆ. 1262ರಿಂದ 1264ರ ನಡುವೆ ಐಸ್‌ಲ್ಯಾಂಡಿನ ಮುಖಂಡರು ನಾರ್ವೆಯ ದೊರೆಗೆ ತಲೆಬಾಗಿದರು. ಅದುವರೆಗೆ ಅಲ್ಲಿ ರಾಜನೇ ಇರಲಿಲ್ಲ. ‘ಗ್ರಾಗಾಸ್’ ಎಂಬ ಹಳೆಯ ಕಾನೂನು, ಅದನ್ನು ಸಾರುವ ಆಲ್ತಿಂಗ್ ಸಭೆ, ಇಷ್ಟೇ ಆಡಳಿತ. 1271ರಲ್ಲಿ ಮ್ಯಾಗ್ನಸ್ ಅಲ್ಲಿಗೊಂದು ಹೊಸ ಕಾನೂನು ಕಳಿಸಿದ. ಯಾರ್ನ್‌ಸೀದಾ ಎಂದು ಅದರ ಹೆಸರು. ತಂದವರಲ್ಲಿ ಒಬ್ಬ ಸ್ತುರ್ಲಾ ತೋರ್ದಾರ್ಸನ್, ಮ್ಯಾಗ್ನಸ್‌ನ ಮತ್ತು ಅವನ ತಂದೆಯ ಚರಿತ್ರೆಗಳನ್ನು ಬರೆದ ಪ್ರಸಿದ್ಧ ಐಸ್‌ಲ್ಯಾಂಡಿಗ. ಆದರೂ ಪಠ್ಯ ಬಹುಮಟ್ಟಿಗೆ ನಾರ್ವೆಯ ಸಭೆಗಳ ಕಾನೂನುಗಳಿಂದ ಎತ್ತಿದ್ದು. ಐಸ್‌ಲ್ಯಾಂಡಿನ ಹಳೆಯ ಪದ್ಧತಿಗೆ ಜಾಗ ಬಹಳ ಕಡಿಮೆ. ಜನ ಒಮ್ಮೆಲೇ ಒಪ್ಪಲಿಲ್ಲ. ಭಾಗಭಾಗವಾಗಿ ಮೂರು ಬೇಸಿಗೆಗಳಲ್ಲಿ ಒಪ್ಪಿದರು, ಒಪ್ಪಿಯೂ ಗೊಣಗಿದರು. ಹತ್ತು ವರ್ಷ ತುಂಬುವಷ್ಟರಲ್ಲಿ ದೊರೆ ಅದನ್ನು ಕೈಬಿಟ್ಟು ಬೇರೊಂದನ್ನು ಸಿದ್ಧಪಡಿಸಿದ. ಕಾನೂನು ಬಲ್ಲ ಯೋನ್ ಐನಾರ್ಸನ್ ತಂದದ್ದರಿಂದ ಅದಕ್ಕೆ ಯೋನ್ಸ್‌ಬೋಕ್, ಯೋನನ ಪುಸ್ತಕ, ಎಂದು ಹೆಸರಾಯಿತು. ನಾರ್ವೆಯ 1274ರ ಗ್ರಂಥವೇ ಅದರ ಬೆನ್ನೆಲುಬು, ಜೊತೆಗೆ ಗ್ರಾಗಾಸ್‌ನಿಂದ ಬಂದ ಅಂಶಗಳೂ ಧಾರಾಳ.

1281ರಲ್ಲಿ, ಮ್ಯಾಗ್ನಸ್ ಸತ್ತ ಮರುವರ್ಷ, ಯೋನ್ಸ್‌ಬೋಕ್ ಆಲ್ತಿಂಗ್‌ನ ಮುಂದೆ ಬಂದಾಗ ಜಗಳವೇ ನಡೆಯಿತು. ಬಿಷಪ್ ಮತ್ತು ಪಾದ್ರಿಗಳದು ಒಂದು ತಕರಾರಿನ ಪಟ್ಟಿ, ದೊರೆಯ ಸೇವೆಯಲ್ಲಿದ್ದವರದು ಇನ್ನೊಂದು, ರೈತರದು ಮತ್ತೊಂದು. ದೊರೆಯ ಪ್ರತಿನಿಧಿ ಲೋದಿನ್ ಕೆರಳಿದ. ರೈತರು ತಾವೇ ಕಾನೂನು ಮಾಡುವವರಂತೆ ನಡೆದುಕೊಳ್ಳುವುದು ಅವನಿಗೆ ಸಹಿಸಲಾರದ ಅಧಿಕಪ್ರಸಂಗವಾಗಿ ಕಂಡಿತು. ಕೊನೆಗೆ ಗ್ರಂಥ ಅಂಗೀಕಾರವಾಯಿತು, ಆದರೆ ತಕರಾರುಗಳು ಸಾಯಲಿಲ್ಲ. 1294, 1305, 1314ರಲ್ಲಿ ಬಂದ ತಿದ್ದುಪಡಿಗಳಲ್ಲಿ ಹಲವಕ್ಕೆ ಉತ್ತರ ಸಿಕ್ಕಿತು. ಆ ಮೇಲೆ ಈ ಪುಸ್ತಕ ಐಸ್‌ಲ್ಯಾಂಡಿಗರಿಗೆ ಎಷ್ಟು ಹತ್ತಿರವಾಯಿತೆಂದರೆ, ಮಕ್ಕಳು ಅದರಲ್ಲೇ ಓದು ಕಲಿತರು. 1578ರಲ್ಲಿ ಹೋಲಾರ್‌ನಲ್ಲಿ ಅದು ಅಚ್ಚಾಯಿತು. ಅದರ ಕೆಲವು ವಿಧಿಗಳು ಇಂದಿಗೂ ಆ ದೇಶದ ಕಾನೂನಿನಲ್ಲಿ ಉಳಿದಿವೆ. ಒಬ್ಬನೇ ದೊರೆ, ಒಂದೇ ದ್ವೀಪ, ಹತ್ತು ವರ್ಷದ ಅಂತರ. ಹೊರಗಿನದನ್ನು ತಂದು ಹೇರಿದ ಪುಸ್ತಕ ಬಿದ್ದುಹೋಯಿತು, ಊರಿನದನ್ನು ಒಳಗೊಂಡ ಪುಸ್ತಕ ಶತಮಾನಗಳ ಕಾಲ ಬಾಳಿತು. ಒಪ್ಪಿಗೆ ಬರೀ ತೋರಿಕೆ ಎನ್ನುವವರು ಈ ವ್ಯತ್ಯಾಸಕ್ಕೆ ಕಾರಣ ಹೇಳಬೇಕಾಗುತ್ತದೆ.

ಯುರೋಪಿನ ಇನ್ನೊಂದು ತುದಿಯಲ್ಲಿ ಇದೇ ಕಾಲಕ್ಕೆ ನಡೆದದ್ದೂ ಇದಕ್ಕೆ ಸಾಕ್ಷಿ. ಸ್ಪೇನಿನ ಕಾಸ್ಟೀಲ್ ರಾಜ್ಯದ ಹತ್ತನೆಯ ಆಲ್ಫೊನ್ಸೊ ಆ ಶತಮಾನದ ಮಹಾವಿದ್ವಾಂಸ ದೊರೆ. ಖಗೋಳ, ಚರಿತ್ರೆ, ಸಂಗೀತ, ಕಾನೂನು ಎಲ್ಲಕ್ಕೂ ಅವನ ಆಸ್ಥಾನದಲ್ಲಿ ಪಂಡಿತರಿದ್ದರು. ಎರಡು ರಾಜಮನೆತನಗಳಿಗೆ ನೆಂಟಸ್ತಿಕೆಯೂ ಇತ್ತು: ಮ್ಯಾಗ್ನಸ್‌ನ ಅಕ್ಕ ಕ್ರಿಸ್ತೀನ್ 1258ರಲ್ಲಿ ಆಲ್ಫೊನ್ಸೊನ ತಮ್ಮ ಫೆಲಿಪೆಯನ್ನು ಮದುವೆಯಾಗಿ, ನಾಲ್ಕೇ ವರ್ಷದಲ್ಲಿ ಆ ದೂರದ ನಾಡಿನಲ್ಲಿ ತೀರಿಕೊಂಡಳು. ಆಲ್ಫೊನ್ಸೊ ರೋಮನ್ ಕಾನೂನಿನ ಪಾಂಡಿತ್ಯವನ್ನೆಲ್ಲ ಅರೆದು ‘ಏಳು ಭಾಗ’ಗಳ ಮಹಾಗ್ರಂಥ ಸಿದ್ಧಪಡಿಸಿದ. ವಿಸ್ತಾರದಲ್ಲಿ, ಆಳದಲ್ಲಿ ನಾರ್ವೆಯ ಪುಸ್ತಕ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಊರೂರಿನ ಹಳೆಯ ಹಕ್ಕುಗಳ ಮೇಲೆ ಹೊಸ ಕಾನೂನು ಹೇರಲು ಹೊರಟ ಆಲ್ಫೊನ್ಸೊನ ವಿರುದ್ಧ 1272ರಲ್ಲಿ ದೊಡ್ಡ ಮನೆತನಗಳು ದಂಗೆ ಎದ್ದವು. ಹಳೆಯ ರೂಢಿಯನ್ನು ಮರಳಿ ಕೊಡು ಎಂಬುದು ಅವರ ಬೇಡಿಕೆಗಳಲ್ಲೊಂದು. ದಂಗೆಕೋರರ ಸಾಲಿನಲ್ಲಿ ಕ್ರಿಸ್ತೀನ್‌ಳನ್ನು ಕಳೆದುಕೊಂಡಿದ್ದ ಫೆಲಿಪೆಯೂ ಇದ್ದ. ದೊರೆ ಹಿಂದೆ ಸರಿಯಬೇಕಾಯಿತು. ‘ಏಳು ಭಾಗ’ಗಳಿಗೆ ಕಾನೂನಿನ ಬಲ ಸಿಕ್ಕಿದ್ದು 1348ರಲ್ಲಿ, ಅವನ ಮರಿಮಗನ ಕಾಲಕ್ಕೆ, ಅದೂ ಊರಿನ ರೂಢಿ ಮೌನವಾಗಿರುವ ಕಡೆ ಮಾತ್ರ ಎಂಬ ಷರತ್ತಿನೊಂದಿಗೆ.

ನಾರ್ವೆ ಚಿಕ್ಕದು, ಅಲ್ಲಿ ಕಾಸ್ಟೀಲಿನಂಥ ಪ್ರಬಲ ಪಟ್ಟಣಗಳಾಗಲಿ ಮನೆತನಗಳಾಗಲಿ ಇರಲಿಲ್ಲ, ಹಾಗಾಗಿ ಕೆಲಸ ಸುಲಭವಾಯಿತು ಎಂದು ಯಾರಾದರೂ ಹೇಳಬಹುದು. ಭಾಗಶಃ ಸರಿ. ಆದರೆ ನೆರೆಯ ನಾಡುಗಳನ್ನು ನೋಡಿದರೆ ಈ ಉತ್ತರ ಸಾಲದು. ಡೆನ್ಮಾರ್ಕ್‌ನಲ್ಲಿ 1241ರಷ್ಟು ಹಿಂದೆಯೇ ಯೂಟ್‌ಲ್ಯಾಂಡ್ ಪ್ರಾಂತಕ್ಕೆ ಒಳ್ಳೆಯ ಕಾನೂನು ಗ್ರಂಥ ಬಂದಿತ್ತು. ಆದರೂ ಅಲ್ಲಿ ಇಡೀ ದೇಶಕ್ಕೆ ಒಂದು ಕಾನೂನು ಬರಲು 1683ರವರೆಗೆ ಕಾಯಬೇಕಾಯಿತು. ಸ್ವೀಡನ್‌ಗೆ ಅದು ಬಂದದ್ದು 1350ರ ಆಸುಪಾಸಿನಲ್ಲಿ, ತಂದವನು ಮ್ಯಾಗ್ನಸ್ ಎರಿಕ್ಸನ್, ನಮ್ಮ ಮ್ಯಾಗ್ನಸ್‌ನ ಮೊಮ್ಮಗಳ ಮಗ. ನಾರ್ವೆಯಲ್ಲಿ ಅನುಕೂಲ ಇದ್ದದ್ದು ನಿಜ. ಅನುಕೂಲವಿದ್ದ ಇತರರೂ ಅದನ್ನು ಬಳಸಿಕೊಳ್ಳಲಿಲ್ಲ ಎಂಬುದೂ ಅಷ್ಟೇ ನಿಜ.

ಚರ್ಚಿನ ವಿಷಯದಲ್ಲಿ ಮಾತ್ರ ಆಕ್ಷೇಪ ಎತ್ತುವವರಿಗೆ ನಾನು ಅರ್ಧದಷ್ಟು ಸೋಲುತ್ತೇನೆ. ಧರ್ಮದ ಭಾಗ ಹೊರಗುಳಿದದ್ದರಿಂದ ಗ್ರಂಥ ಅಪೂರ್ಣವಾಯಿತು. 1273ರಲ್ಲಿ ಬೆರ್ಗೆನ್‌ನಲ್ಲಿ, 1277ರಲ್ಲಿ ಟೋನ್ಸ್‌ಬರ್ಗ್‌ನಲ್ಲಿ ದೊರೆ ಆರ್ಚ್‌ಬಿಷಪ್ ಜೊತೆ ಮಾಡಿಕೊಂಡ ಒಪ್ಪಂದಗಳು ಪಾದ್ರಿಗಳ ವ್ಯಾಜ್ಯ, ಮದುವೆಯಂಥ ವಿಷಯಗಳನ್ನು ಚರ್ಚಿನ ನ್ಯಾಯಾಲಯಕ್ಕೆ ಬಿಟ್ಟವು. ದೊರೆ ಸತ್ತದ್ದೇ ತಡ, ಬಾಲಕ ಎರಿಕ್‌ನ ಹೆಸರಿನಲ್ಲಿ ಆಳಿದ ಸರದಾರರು ಆ ಒಪ್ಪಂದವನ್ನು ಮುರಿದರು. ಆರ್ಚ್‌ಬಿಷಪ್ ಯೋನ್ ದೇಶ ಬಿಟ್ಟು ಓಡಿ 1282ರಲ್ಲಿ ಸ್ವೀಡನ್ನಿನ ಸ್ಕಾರಾದಲ್ಲಿ ತೀರಿಕೊಂಡ. ರಾಜಿ ಬಾಳಲಿಲ್ಲ. ಆದರೆ ಆ ಬಿರುಗಾಳಿಯಲ್ಲಿ 1274ರ ಗ್ರಂಥಕ್ಕೆ ಏನೂ ಆಗಲಿಲ್ಲ ಎಂಬುದನ್ನು ನೋಡಬೇಕು. ಸರದಾರರಾಗಲಿ ಚರ್ಚಾಗಲಿ ಅದನ್ನು ಕಿತ್ತುಹಾಕಲು ಹೋಗಲಿಲ್ಲ. ಜಗಳದ ಮೂಲವಾದ ಭಾಗವನ್ನು ಹೊರಗಿಟ್ಟದ್ದರಿಂದಲೇ ಉಳಿದದ್ದು ಜಗಳದ ಹೊರಗೆ ಉಳಿಯಿತು.

ಇದೆಲ್ಲದರ ಕೀರ್ತಿ ಒಬ್ಬ ದೊರೆಗೆ ಏಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಬರೆದವರು ಬೇರೆಯವರು: ಕಾನೂನು ಬಲ್ಲ ಸರದಾರರು, ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಕಲಿತ ಪಾದ್ರಿಗಳು, ಪ್ರಾಂತಗಳ ಲಾಗ್ಮನ್‌ಗಳು. ಸರದಾರ ಔದುನ್ ಹುಗ್ಲೈಕ್ಸನ್ ಅವರಲ್ಲೊಬ್ಬನಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಅವನನ್ನು 1302ರಲ್ಲಿ ಬೆರ್ಗೆನ್‌ನಲ್ಲಿ ಗಲ್ಲಿಗೇರಿಸಿದರು. ದೊರೆಯೇ ತನ್ನ ಪೀಠಿಕೆಯಲ್ಲಿ ಬುದ್ಧಿವಂತರ ಸಲಹೆ ಪಡೆದದ್ದನ್ನು ಹೇಳಿಕೊಂಡಿದ್ದಾನೆ. ಜನ ಅವನಿಗೆ ‘ಕಾನೂನು ತಿದ್ದಿದವನು’ ಎಂಬ ಅರ್ಥದ ಲಾಗಬೋತೆ ಎಂಬ ಅಡ್ಡಹೆಸರು ಕೊಟ್ಟದ್ದನ್ನು ನಾನು ಒಬ್ಬನ ಬೆನ್ನು ತಟ್ಟಿದ್ದೆಂದು ತಿಳಿಯುವುದಿಲ್ಲ. ದೊರೆಯ ಪಾತ್ರ ಬೇರೆಯೇ ಇತ್ತು: ಯುದ್ಧ ಬಿಡುವ ನಿರ್ಧಾರ, ಒಂದೊಂದೇ ಸಭೆಗೆ ಹೋಗುವ ನಿರ್ಧಾರ, ತಕರಾರು ಬಂದಾಗ ನಿಂತು ದಾರಿ ಬದಲಿಸುವ ನಿರ್ಧಾರ, ಐಸ್‌ಲ್ಯಾಂಡಿನಲ್ಲಿ ಕೆಟ್ಟದ್ದನ್ನು ಒಪ್ಪಿಕೊಂಡು ಮತ್ತೆ ಮಾಡಿಸುವ ನಿರ್ಧಾರ. ಇವು ಯಾವ ಪಂಡಿತನೂ ತೆಗೆದುಕೊಳ್ಳಲಾಗದ ನಿರ್ಧಾರಗಳು. ಹೆಣ್ಣಿಗೆ ಅರ್ಧಪಾಲೇ ಏಕೆ, ಗೇಣಿದಾರನಿಗೆ ಇನ್ನಷ್ಟು ರಕ್ಷಣೆ ಏಕಿಲ್ಲ ಎಂದು ಇಂದು ಕೇಳುವವರಿಗೂ ಇಲ್ಲೇ ಉತ್ತರವಿದೆ. ಆ ಸಭೆಗಳಲ್ಲಿ ಕೂತಿದ್ದವರು ಗಂಡಸರು, ಬಹುಪಾಲು ಅನುಕೂಲಸ್ಥ ರೈತರು. ಅವರು ಒಪ್ಪುವಷ್ಟು ದೂರಕ್ಕೆ ಕಾನೂನು ಹೋಯಿತು, ಅದರಾಚೆ ಹೋಗಲಿಲ್ಲ. ಒಪ್ಪಿಗೆಯ ದಾರಿಯ ಬೆಲೆ ಅದು, ಅದನ್ನು ಮರೆಮಾಚಬಾರದು.

ಅದು ಎಷ್ಟು ಬಾಳಿತು ಎಂಬುದರ ಲೆಕ್ಕ ರಾಜ್ಯದ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿದರೆ ಬೆರಗಾಗುತ್ತದೆ. 1319ರಲ್ಲಿ ಗಂಡುಸಂತಾನ ನಿಂತು ನಾರ್ವೆ ಸ್ವೀಡನ್ ಜೊತೆ ಒಬ್ಬನೇ ಅರಸನ ಕೆಳಗೆ ಬಂತು. 1349ರಲ್ಲಿ ಪ್ಲೇಗ್ ಬಂದು ಊರೂರುಗಳನ್ನು ಹಾಳುಗೆಡವಿತು. 1380ರಿಂದ ದೊರೆ ಡೆನ್ಮಾರ್ಕಿನವನು, ಕೊನೆಗೆ ಆಡಳಿತದ ಭಾಷೆಯೂ ಡ್ಯಾನಿಶ್. ರಾಜಮನೆತನ ಹೋಯಿತು, ಸ್ವಾತಂತ್ರ್ಯ ಹೋಯಿತು, ಬರವಣಿಗೆಯ ಭಾಷೆ ಹೋಯಿತು. ಸಭೆಗಳು ಮತ್ತು ಅವುಗಳ ಪುಸ್ತಕ ಉಳಿದವು. ಹದಿನಾರನೆಯ ಶತಮಾನದ ಹೊತ್ತಿಗೆ ಹಳೆಯ ನಾರ್ವೇಜಿಯನ್ ಓದಬಲ್ಲ ಲಾಗ್ಮನ್‌ಗಳು ವಿರಳವಾಗಿ, ಡ್ಯಾನಿಶ್ ಅನುವಾದಗಳು ಕೈಬರಹದಲ್ಲಿ ಓಡಾಡತೊಡಗಿದವು; ಒಂದಕ್ಕೊಂದು ಹೊಂದದೆ ತೀರ್ಪುಗಳಲ್ಲಿ ಗೊಂದಲ. ಅದನ್ನು ಸರಿಪಡಿಸಲೆಂದು ನಾಲ್ಕನೆಯ ಕ್ರಿಶ್ಚಿಯನ್ ದೊರೆ 1604ರಲ್ಲಿ ಹೊರಡಿಸಿದ ‘ನಾರ್ವೆಯ ಕಾನೂನು’ ಹೆಚ್ಚಾಗಿ ಇದೇ ಗ್ರಂಥದ ಡ್ಯಾನಿಶ್ ರೂಪ. ಪೂರ್ತಿ ಹೊಸ ಕಾನೂನು ಬಂದದ್ದು 1687ರಲ್ಲಿ. ಪಿತ್ರಾರ್ಜಿತ ಜಮೀನು ಹೊರಗಿನವರ ಪಾಲಾದರೆ ಅದನ್ನು ಕೊಂಡು ಹಿಂದಕ್ಕೆ ಪಡೆಯುವ ಕುಟುಂಬದ ಹಕ್ಕು ಗುಲಾಟಿಂಗ್‌ನ ಕಾಲದಿಂದ ಬಂದದ್ದು, ಮ್ಯಾಗ್ನಸ್‌ನ ಗ್ರಂಥ ಅದಕ್ಕೊಂದು ಇಡೀ ಭಾಗ ಮೀಸಲಿಟ್ಟಿತ್ತು. 1814ರಲ್ಲಿ ನಾರ್ವೆ ಸಂವಿಧಾನ ಬರೆದುಕೊಂಡಾಗ ಆ ಹಕ್ಕನ್ನು ರದ್ದು ಮಾಡಕೂಡದೆಂದು ಒಂದು ವಿಧಿ ಸೇರಿಸಿದರು. ಆಗ ಅದರ ಸಂಖ್ಯೆ 107, ಈಗ 117, ವಿಧಿ ಜಾರಿಯಲ್ಲಿದೆ.